ಐದು ವಾಟಿನ ಅಳಿಯ

ಕನ್ನಡಕದಂಗಡಿಯವನಿಗೆ ಮಾತು ಬಾರದೆಂದು ಯಾರೂ ಹೇಳುವಂತಿರಲಿಲ್ಲ. ಅಂಗಡಿಯ ಒಳಕೋಣೆಯಲ್ಲಿ ಅಕ್ಷರಪಟ್ಟಿಯ ಎದುರು ಗಿರಾಕಿಯನ್ನು ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಒಂದೊಂದೇ ಗಾಜು ಬದಲಾಯಿಸುತ್ತ ಅವನು ದಿನವಿಡೀ ಮಾತನಾಡುತ್ತಿದ್ದ. "ಇದು ಚೆನ್ನಾಗಿ ಕಾಣುತ್ತಾ, ಇಲ್ಲಾ ಇದಾ?" ಎಂಬ ಒಂದೇ ಪ್ರಶ್ನೆಯನ್ನು ಅವನಷ್ಟು ತಾಳ್ಮೆಯಿಂದ ಕೇಳುವವರು ಆ ಪೇಟೆಯಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ಅವನ ಮಾತು ಹೊರಡುವುದೇ ನಿಧಾನ. ಹಳೆಯ ನಲ್ಲಿಯಲ್ಲಿ ನೀರಿಗಿಂತ ಮುಂಚೆ ಗಾಳಿ ಬರುವಂತೆ ಮೊದಲು ಒಂದು 'ಅದೂ', ಆಮೇಲೊಂದು ಕೆಮ್ಮು, ಅದಾದ ಮೇಲೆ ವಿಷಯ. ಗಿರಾಕಿಗಳು ಕಾಯುತ್ತಿದ್ದರು, ಮುಖಕ್ಕೆ ಚೌಕಟ್ಟು ಸಿಕ್ಕಿಸಿಕೊಂಡವರು ಎಲ್ಲಿಗೆ ತಾನೇ ಓಡಿಹೋದಾರು? ಹೆಂಡತಿಯೂ ಕಾಯುತ್ತಿದ್ದಳು, ಕಟ್ಟಿಕೊಂಡವಳಿಗೆ ಅಭ್ಯಾಸವಾಗಿತ್ತು. ಕಾಯದವರೆಂದರೆ ಅವನ ಮಾವ ಒಬ್ಬರೇ.

ಮಾವನಿಗೆ ಊರವರು ಇಟ್ಟ ಹೆಸರು ಗುಡುಗಪ್ಪ. ಹರೆಯವನ್ನೆಲ್ಲ ಸರಕು ಹಡಗುಗಳಲ್ಲಿ ರೇಡಿಯೋ ಆಪರೇಟರಾಗಿ ಕಳೆದು, ಎಂಜಿನ್ನಿನ ಸದ್ದನ್ನು ಮೀರಿಸಿ ಕೂಗಿ ಕೂಗಿ ಗಂಟಲು ಬೆಳೆಸಿಕೊಂಡು, ನೆಲಕ್ಕಿಳಿದ ಮೇಲೆ ಗುಡ್ಡದಾಚೆಯ ಊರಿನಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ವರ್ಕ್‌ಶಾಪ್ ತೆರೆದಿದ್ದರು. ಒಳ್ಳೆಯ ಮನುಷ್ಯ. ಕೊಡುಗೈ. ಆದರೆ ಎದುರಿನವರ ವಾಕ್ಯದ ಬಾಲವನ್ನು ತಾವೇ ಹಿಡಿದು ಎಳೆದುಬಿಡುವ ಚಾಳಿ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರನ್ನು ಲೋಕ ಕಂಡಿದೆ. ಗುಡುಗಪ್ಪನವರು 'ಎತ್ತು' ಎಂಬಲ್ಲಿಗೇ ಹಗ್ಗ ತರಿಸುವವರು.

ಅಂಥವರು ಒಂದು ದಿನ ತಮ್ಮ ವರ್ಕ್‌ಶಾಪನ್ನು ಅಳಿಯನಿಗೆ ಒಪ್ಪಿಸುವುದೆಂದು ನಿಶ್ಚಯಿಸಿದರು. ಮುಂದಿನ ತಿಂಗಳಿಂದ ಕನ್ನಡಕದಂಗಡಿಗೆ ಬೀಗ. ಗಂಡಹೆಂಡಿರು ಗುಡ್ಡದಾಚೆಗೆ ಬಂದು ಮಾವನ ಮನೆಯ ಮಹಡಿಯಲ್ಲಿ ಸಂಸಾರ ಹೂಡುವುದು. ಅಳಿಯನನ್ನು ಅವರು ಕೇಳಲಿಲ್ಲವೆಂದು ದೂರುವುದು ಅನ್ಯಾಯವಾದೀತು. ಕೇಳಿದ್ದರು. ಊಟದ ನಡುವೆ ಅವನು "ಅದೂ, ಮಾವ, ನಮ್ಮ ಅಂಗಡಿ" ಎಂದು ಶುರುಮಾಡಿ ಕೆಮ್ಮುವಷ್ಟರಲ್ಲಿ "ಅಂಗಡಿ ಚಿಂತೆ ಬಿಡಿ ಅಳಿಯಂದ್ರೇ, ಮುಚ್ಚಿದ್ರಾಯ್ತು" ಎಂದು ಉತ್ತರವನ್ನೂ ತಾವೇ ಹೇಳಿದ್ದರು. ಮತ್ತೊಮ್ಮೆ ಫೋನಿನಲ್ಲಿ ಯೋಚಿಸಲು ಸ್ವಲ್ಪ ಕಾಲಾವಕಾಶ ಬೇಕೆಂದು ಹೇಳಹೊರಟಾಗ 'ಯೋಚಿಸಲು' ಎಂಬ ಮಾತು ನಾಲಿಗೆಯ ಮೇಲಿರುವಾಗಲೇ, ಯೋಚನೆಯನ್ನೆಲ್ಲ ತಾವು ಮಾಡಿ ಮುಗಿಸಿರುವುದಾಗಿ ಅಭಯ ಕೊಟ್ಟು ಫೋನಿಟ್ಟಿದ್ದರು. ಹೆಂಡತಿ ನಡುವೆ ಬಾಯಿಹಾಕಿದ್ದಳು. ಗಂಡನ ಮಾತು ಗಂಡನ ಬಾಯಿಂದಲೇ ಬರಲಿ ಎಂದು ತಂದೆ ಅವಳನ್ನು ಗದರಿಸಿದ್ದರು. ನ್ಯಾಯವಾದ ಮಾತೇ, ಆ ಬಾಯಿಗೆ ಬಿಡುವು ಕೊಟ್ಟಿದ್ದರೆ.

ಹೀಗೆ ಕನ್ನಡಕದವನು ಒಂದು 'ಬೇಡ'ವನ್ನು ಬಾಯಲ್ಲಿ ಇಟ್ಟುಕೊಂಡು, ಉಗುಳಲೂ ಆಗದೆ ನುಂಗಲೂ ಆಗದೆ ತಿರುಗುತ್ತಿದ್ದ. ದಿನ ಹತ್ತಿರವಾಗುತ್ತಿತ್ತು. ಮಾವ ಬೋರ್ಡು ಬರೆಯುವವನಿಗೆ ಮುಂಗಡ ಕೊಟ್ಟಾಗಿತ್ತು.

ಉಪಾಯ ಹೊಳೆದದ್ದು ಮಾವನ ಮನೆಯಲ್ಲೇ, ಒಂದು ಭಾನುವಾರದ ಬೆಳಗ್ಗೆ. ಮಹಡಿಯ ಅಳತೆ ನೋಡಿಕೊಂಡು ಹೋಗಲು ಹೆಂಡತಿಯೊಡನೆ ಬಂದಿದ್ದ ಅವನು ಮಾವನನ್ನು ಹುಡುಕುತ್ತ ಮೇಲೆ ಹೋದಾಗ, ಮೂಲೆಯ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ರೇಡಿಯೋಗಳ ಎದುರು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗುಡುಗಪ್ಪನವರು ಕೂತಿದ್ದರು. ಕಣ್ಣು ಮುಚ್ಚಿತ್ತು. ಬಾಯಿಯೂ ಮುಚ್ಚಿತ್ತು. ಹಳೆಯ ಹಡಗಿನ ಗೆಳೆಯನೊಬ್ಬ ಎಲ್ಲೋ ಸಮುದ್ರದಾಚೆ ಕೂತು, ಮೋರ್ಸಿನ ಚುಕ್ಕೆ-ಗೆರೆಗಳಲ್ಲಿ ತನ್ನ ಮೊಣಕಾಲು ನೋವಿನ ವಿವರವನ್ನು ಕಳುಹಿಸುತ್ತಿದ್ದ. ಕನ್ನಡಕದವನಿಗೂ ಮೋರ್ಸ್ ಗೊತ್ತಿತ್ತು. ಮಗಳು ಕಲಿಯಲೊಲ್ಲೆನೆಂದಾಗ ಮದುವೆಯಾದ ಹೊಸತರಲ್ಲಿ ಮಾವ ಅಳಿಯನನ್ನೇ ಹಿಡಿದು ಕೂರಿಸಿ ಕಲಿಸಿದ್ದರು, ಪರೀಕ್ಷೆಗೂ ಕೂರಿಸಿದ್ದರು. ರೇಡಿಯೋ ನಡೆಸುವ ಲೈಸೆನ್ಸು ಅವನ ಮನೆಯ ಕಪಾಟಿನಲ್ಲಿ ತಣ್ಣಗೆ ಮಲಗಿತ್ತು. ಹಾಗಾಗಿ ಹೆಡ್‌ಫೋನಿನಿಂದ ಹೊರಗೆ ಸೋರುತ್ತಿದ್ದ ಸದ್ದಿನಲ್ಲಿ, ಬಾಗಿಲಲ್ಲಿ ನಿಂತ ಅವನಿಗೂ ಆ ಮೊಣಕಾಲಿನ ಕಥೆ ಕೇಳಿಸಿತು. ಎಡ ಮೊಣಕಾಲು ಮುಗಿಯಿತು, ಬಲ ಮೊಣಕಾಲು ಆರಂಭವಾಯಿತು. ಗುಡುಗಪ್ಪನವರು ಮಿಸುಕಲಿಲ್ಲ.

ಇದೇನು ಸೋಜಿಗವೆಂದು ಅವನು ಅತ್ತೆಯ ಮುಖ ನೋಡಿದ. ಕಾಫಿಯ ಲೋಟ ಹಿಡಿದು ನಿಂತಿದ್ದ ಅತ್ತೆ ನಿಟ್ಟುಸಿರುಬಿಟ್ಟರು.

"ಆ ಪೆಟ್ಟಿಗೆ ಮುಂದೆ ಮಾತ್ರ ನೋಡಪ್ಪ ಇವರು ಬಾಯಿ ಮುಚ್ಕೊಂಡಿರೋದು. ನಂಗೂ ಒಂದು ಆಂಟೆನಾ ಇದ್ದಿದ್ರೆ ನಮ್ಮ ಸಂಸಾರದ ಕಥೆನೇ ಬೇರೆ ಆಗ್ತಿತ್ತು."

ಅದರ ಗುಟ್ಟು ಅವನಿಗೆ ತಿಳಿದದ್ದೇ ಆಗಿತ್ತು. ಹೊಳೆದದ್ದು ಆ ಕ್ಷಣದಲ್ಲಿ. ಮೋರ್ಸಿನವರಲ್ಲಿ ಒಂದು ಕಟ್ಟಳೆಯಿದೆ. ಹೇಳುವವನು ತನ್ನ ಮಾತು ಮುಗಿಸಿ, 'ಇನ್ನು ನೀವು ಹೇಳಿ' ಎಂಬ ಸಂಜ್ಞೆಯನ್ನು, ಒಂದು ಗೆರೆ, ಒಂದು ಚುಕ್ಕೆ, ಮತ್ತೊಂದು ಗೆರೆ, ಒತ್ತುವ ತನಕ ಕೇಳುವವನು ಚುಕ್ಕೆ-ಗೆರೆ ಒತ್ತುವ ತನ್ನ ಕೀಲಿಯನ್ನು ಮುಟ್ಟುವಂತಿಲ್ಲ. ಹಡಗಿನಲ್ಲಿ ಪಳಗಿದ ಕೈಗಳಿಗೆ ಅದು ಧರ್ಮ. ಮನೆಯಲ್ಲಿ ಯಾರ ಮಾತನ್ನೂ ಪೂರ್ತಿ ಕೇಳದ ಮನುಷ್ಯ ರೇಡಿಯೋದ ಮುಂದೆ ಮಾತ್ರ ಆ ಸಂಜ್ಞೆ ಬರುವವರೆಗೆ ಕಲ್ಲಾಗಿ ಕೂರುತ್ತಿದ್ದರು. ಅಳಿಯನ ಎದೆ, ಸೆರೆಮನೆಯ ಗೋಡೆಯಲ್ಲಿ ಸಡಿಲ ಇಟ್ಟಿಗೆ ಕಂಡ ಕೈದಿಯ ಎದೆಯಂತೆ ಹೊಡೆದುಕೊಂಡಿತು.

ಮನೆಗೆ ಬರುವ ದಾರಿಯಲ್ಲಿ ಹೆಂಡತಿಗೆ ವಿಷಯ ತಿಳಿಸಿದ. ಅವಳು ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ರೀ, 'ಬೇಡ' ಅನ್ನೋಕೆ ರೇಡಿಯೋ ತಗೋತೀರಾ? ನಾಳೆ 'ಬೇಕು' ಅನ್ನೋಕೆ ಹಡಗೇ ತಗೊಳ್ಳಿ."

ಆದರೂ ತಡೆಯಲಿಲ್ಲ. ಮಹಡಿಯ ಮೇಲೆ ತಂದೆಯ ಗುಡುಗಿನ ಕೆಳಗೆ ಬಾಳುವುದು ಅವಳಿಗೂ ಬೇಕಿರಲಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂದು ಮಾತ್ರ ಎಚ್ಚರಿಸಿದಳು.

ಪೇಟೆಯ ಹೊಲಿಗೆ ಯಂತ್ರಗಳ ಅಂಗಡಿಯ ಹಿಂಬದಿಯಲ್ಲಿ, ಹವ್ಯಾಸಿಗಳ ರೇಡಿಯೋಗಳನ್ನು ರಿಪೇರಿ ಮಾಡಿ ಮಾರುವ ಹೆಂಗಸೊಬ್ಬಳಿದ್ದಳು. ಎಲ್ಲರಿಗೂ ಅವಳು ರೇಡಿಯೋ ಅಕ್ಕ. ಮೇಜಿನ ತುಂಬ ಹರಡಿದ ತಂತಿ, ಬೆಸುಗೆಯ ಹೊಗೆ, ಹೊಟ್ಟೆ ಬಿಚ್ಚಿಕೊಂಡ ಪೆಟ್ಟಿಗೆಗಳ ನಡುವೆ ಕೂತು ಅವಳು ಮೊದಲು ಕೇಳಿದ್ದು, ಯಾರೊಂದಿಗೆ ಮಾತನಾಡಬೇಕೆಂದು. ಒಬ್ಬರೊಂದಿಗೆ, ಎಂದ. ಲೋಕದವರೆಲ್ಲ ಲೋಕದ ಜೊತೆ ಮಾತನಾಡಲು ರೇಡಿಯೋ ಕೊಳ್ಳುವಾಗ ಇದೊಂದು ಹೊಸ ಪರಿ ಎಂದು ನಕ್ಕ ಅವಳು, ಆ ಒಬ್ಬರು ಮಾವನೆಂದು ತಿಳಿದ ಮೇಲೆ ಗಂಭೀರಳಾದಳು.

"ಹಾಗಾದ್ರೆ ಒಳ್ಳೇದನ್ನೇ ಕೊಡ್ಬೇಕು" ಎಂದಳು.

ಮೊದಲು ತೋರಿಸಿದ್ದು ಬಣ್ಣದ ಪರದೆಯಿದ್ದ ಹೊಚ್ಚಹೊಸ ಸೆಟ್ಟು. ನೂರು ವಾಟಿನ ಶಕ್ತಿ. ಅದಕ್ಕೆ ವಿದ್ಯುತ್ತು ಉಣಿಸುವ ಪೆಟ್ಟಿಗೆಯನ್ನು ಎತ್ತಲು ಹೋಗಿ ಅವನ ಸೊಂಟ ಹಿಡಿಯಿತು. ಮೂಗಿಗಿಂತ ಮೂಗುತಿ ಭಾರ. ಬೆಲೆ ಕೇಳಿದ ಮೇಲಂತೂ, ನಿದ್ದೆಹೋದ ಕೂಸನ್ನು ತೊಟ್ಟಿಲಲ್ಲಿ ಮಲಗಿಸುವಂತೆ ಅದನ್ನು ಸದ್ದಾಗದಂತೆ ಸ್ವಸ್ಥಾನಕ್ಕೆ ಸೇರಿಸಿದ. ಎರಡನೆಯದು ಸೋಪಿನ ಡಬ್ಬಿಯಷ್ಟೇ ಇತ್ತು. ಬಿಡಿಭಾಗ ಕೊಂಡು ತಾವೇ ಬೆಸುಗೆ ಹಾಕಿಕೊಳ್ಳುವಂಥದ್ದು, ಒಂದು ವಾಟಿಗೂ ಕಡಿಮೆ, ಅತ್ಯಂತ ಅಗ್ಗ. ಅವನ ಕಣ್ಣು ಅರಳಿತು. ರೇಡಿಯೋ ಅಕ್ಕ ಬೇಡವೆಂದು ತಲೆಯಾಡಿಸಿದಳು. ಆ ಡಬ್ಬಿ ಒಂದೇ ತರಂಗಾಂತರಕ್ಕೆ ಮೊಳೆ ಹೊಡೆದಂತೆ ಅಂಟಿಕೊಂಡಿರುತ್ತದೆ; ಮಾವ ಅಲ್ಲಿಂದ ಒಂದು ಕೂದಲಿನಷ್ಟು ಆಚೆ ಕೂತರೂ ಗೋಡೆಯ ಜೊತೆ ಮಾತನಾಡಿದಂತೆಯೇ ಸರಿ. ಮಾವನ ಸಂಗಡ ಗೋಡೆಯೊಂದಿಗಿನಂತೆ ಮಾತನಾಡುವುದು ಈಗಾಗಲೇ ನಡೆದಿದೆಯೆಂದೂ, ಅದಕ್ಕೆ ಡಬ್ಬಿ ಬೇಕಿಲ್ಲವೆಂದೂ ಅವನು ಒಪ್ಪಿಕೊಂಡ.

ಮೂರನೆಯದು ಯಾರೋ ಬಳಸಿ ಬಿಟ್ಟದ್ದು. ದಪ್ಪ ಪುಸ್ತಕದಷ್ಟು ದೊಡ್ಡದು, ಐದು ವಾಟು, ಮೋರ್ಸಿಗೆಂದೇ ಮಾಡಿದ್ದು. ಒಂದು ಮೂಲೆ ನಜ್ಜುಗುಜ್ಜಾಗಿತ್ತು. ತಿರುಪುಗಳಲ್ಲಿ ಒಂದು ಇನ್ನಾವುದೋ ಸೆಟ್ಟಿನಿಂದ ದತ್ತು ಬಂದಿತ್ತು. ನೂರು ವಾಟಿನ ಮಾವನ ಎದುರು ಐದು ವಾಟಿನ ಅಳಿಯ ನಿಂತಾನೆಯೇ ಎಂಬ ಅವನ ಅಳುಕಿಗೆ ರೇಡಿಯೋ ಅಕ್ಕ ಉತ್ತರ ಕೊಟ್ಟಳು.

"ಬಾಯಲ್ಲಿ ಮಾತಾಡೋ ರೇಡಿಯೋ ಅಂದ್ರೆ ಚಾಪೆ ಹಾಸಿದ ಹಾಗೆ, ಜಾಗ ತುಂಬ ಬೇಕು, ಶಕ್ತಿನೂ ಬೇಕು. ಮೋರ್ಸು ಸೂಜಿ ಸರ್. ಸಣ್ಣದು, ಆದ್ರೆ ಚುಚ್ಚುತ್ತೆ. ನೀವು ಮೊದಲು ಕಿವಿ ಚೆನ್ನಾಗಿರೋ ಸೆಟ್ಟು ನೋಡ್ಕೊಳ್ಳಿ. ಬಾಯಿ ಚಿಕ್ಕದಾದ್ರೂ ನಡೆಯುತ್ತೆ."

ಕಿವಿಯನ್ನು ಪರೀಕ್ಷಿಸಲು ಅವಳು ಅವನ ತಲೆಗೆ ಹೆಡ್‌ಫೋನ್ ಏರಿಸಿ, ಹೊಸ ಸೆಟ್ಟನ್ನೂ ಹಳೆಯದನ್ನೂ ಒಂದೇ ಆಂಟೆನಾಕ್ಕೆ ಜೋಡಿಸಿ, ಟಕ್ಕೆಂದು ಒಂದರಿಂದ ಇನ್ನೊಂದಕ್ಕೆ ಬದಲಾಯಿಸುತ್ತ, ಇದು ಚೆನ್ನಾಗಿ ಕೇಳುತ್ತದೆಯೋ ಅದು ಚೆನ್ನಾಗಿ ಕೇಳುತ್ತದೆಯೋ ಎಂದು ವಿಚಾರಿಸತೊಡಗಿದಳು. ಅವನಿಗೆ ಎರಡೂ ಒಂದೇ ಎನಿಸಿತು. ಇನ್ನೊಮ್ಮೆ ಬದಲಾಯಿಸಿದಾಗ ಎರಡೂ ಬೇರೆ ಎನಿಸಿತು. ಹಾಗೆನ್ನಲು ನಾಚಿಕೆಯಾಯಿತು. ತನ್ನ ಅಂಗಡಿಯ ಕುರ್ಚಿಯಲ್ಲಿ ಕೂತು 'ಇದೂ ಪರವಾಗಿಲ್ಲ, ಅದೂ ಪರವಾಗಿಲ್ಲ' ಎಂದು ತೊದಲಿದ ಅಷ್ಟೂ ಗಿರಾಕಿಗಳ ಬಗ್ಗೆ ಅವನಲ್ಲಿ ಹೊಸದೊಂದು ಕರುಣೆ ಮೂಡಿತು. ಕೊನೆಗೆ ಅಕ್ಕ ಹಳೆಯ ಸೆಟ್ಟಿನ ಒಂದು ಗುಂಡಿ ಒತ್ತಿದಳು. ಸಂತೆಯಂತೆ ಗಿಜಿಗುಡುತ್ತಿದ್ದ ಶಬ್ದಗಳೆಲ್ಲ ಬಾಗಿಲಾಚೆ ಹೋಗಿ, ಒಂದೇ ಒಂದು ಪಿಳ್ಳೆ ದನಿ ಮಾತ್ರ ಶುದ್ಧವಾಗಿ ಉಳಿಯಿತು. ಯಾರೋ ಯಾರನ್ನೋ ಕರೆಯುತ್ತಿದ್ದರು.

"ಇದು" ಎಂದ ಕನ್ನಡಕದವನು, ಕೆಮ್ಮದೆಯೇ.

ಚೌಕಾಸಿಯಲ್ಲಿ ಅವನ ನಾಲಿಗೆಯ ನಿಧಾನ ಮೊದಲ ಸಲ ಕೈಹಿಡಿಯಿತು. ಅಕ್ಕ ಬೆಲೆ ಹೇಳಿದಳು. ಆ ಬೆಲೆ ತನಗೆ ಒಪ್ಪಿಗೆಯೆಂದು ಹೇಳಲು ಅವನು "ಅದೂ" ಎಂದು ಉಸಿರೆಳೆದುಕೊಂಡ. ಅವಳು ಬೆಲೆ ಇಳಿಸಿದಳು. ಆಶ್ಚರ್ಯದಿಂದ ಕೆಮ್ಮಿದ. ಇನ್ನೂ ಸ್ವಲ್ಪ ಇಳಿಸಿದಳು. ಧನ್ಯವಾದ ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ, ಇಂಥ ಕಲ್ಲೆದೆಯ ವ್ಯಾಪಾರಿಯನ್ನು ತಾನು ಕಂಡಿಲ್ಲವೆನ್ನುತ್ತ ಹೆಡ್‌ಫೋನನ್ನೂ ಮೋರ್ಸ್ ಕೀಲಿಯನ್ನೂ ಮೇಲೆ ಸೇರಿಸಿ ಕಟ್ಟಿಕೊಟ್ಟಳು. ಆಂಟೆನಾಕ್ಕೆ ಕಂಬ ನಿಲ್ಲಿಸುವ ಗೋಜು ಬೇಡವೆಂದೂ ಹೇಳಿಕೊಟ್ಟಳು. ಗುಡ್ಡದಾಚೆಯ ಊರು ಹತ್ತಿರದ್ದು; ತಂತಿಯನ್ನು ತಗ್ಗಿನಲ್ಲೇ ಎಳೆದರೆ ದನಿ ಕಾರಂಜಿಯಂತೆ ನೆಟ್ಟಗೆ ಮೇಲೆ ಚಿಮ್ಮಿ, ಮೇಲಿನಿಂದ ಸುತ್ತಮುತ್ತಲಿಗೆಲ್ಲ ಉದುರುತ್ತದೆ. ಗುಡ್ಡಕ್ಕೆ ಅದು ಹಾದುಹೋದದ್ದೇ ತಿಳಿಯುವುದಿಲ್ಲ.

ತಾರಸಿಯ ಮೇಲೆ ನೀರಿನ ತೊಟ್ಟಿಯಿಂದ ಎದುರು ಮೂಲೆಯ ಕಂಬಿಯವರೆಗೆ ತಂತಿ ಬಿಗಿದು ಅವನು ಕೆಳಗಿಳಿದು ಬಂದ. ಮತ್ತೆ ಹತ್ತಿ ನೋಡಿದರೆ ಅದರ ಮೇಲೆ ಅವನ ಅಂಗಿಗಳು ಒಣಗುತ್ತಿದ್ದವು. ಹೆಂಡತಿಯ ಅಭಿಪ್ರಾಯದಲ್ಲಿ ಆ ರೇಡಿಯೋದಿಂದ ಮನೆಗೆ ಆದ ಮೊದಲ ಉಪಕಾರ ಅದು. ವಾರವೆಲ್ಲ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ಅಂಗಡಿಯ ಮೇಜಿನ ಮೇಲೆ ಬೆರಳಿನಿಂದ ಒಂದೇ ವಾಕ್ಯವನ್ನು ಬಡಿದು ಬಡಿದು ಅಭ್ಯಾಸ ಮಾಡಿದ. ಮಾವ, ವರ್ಕ್‌ಶಾಪು ನನಗೆ ಬೇಡ.

ಭಾನುವಾರ ಬಂತು. ಅಂಗಿಗಳನ್ನು ತಂತಿಯಿಂದ ಇಳಿಸಿದ್ದಾಯಿತು. ಅಡುಗೆಮನೆಯ ಮೇಜಿನ ಮೇಲೆ ಸೆಟ್ಟು, ಪಕ್ಕದಲ್ಲಿ ಸ್ಕೂಟರಿನ ಬ್ಯಾಟರಿ, ಎದುರು ಕುರ್ಚಿಯಲ್ಲಿ ಕೈಕಟ್ಟಿ ಕೂತ ಹೆಂಡತಿ. ಮಾವ ಪ್ರತಿ ವಾರ ಕೂರುವ ಜಾಗಕ್ಕೆ ತಿರುಪು ತಿರುಗಿಸುತ್ತಲೇ ಅವರ ಕೈ ಕೇಳಿಸಿತು. ಕೇಳಿ ಅವನು ಬೆರಗಾದ. ಬಾಯಲ್ಲಿ ಕಲ್ಲು ಉರುಳಿಸುವ ಮನುಷ್ಯ ಬೆರಳಲ್ಲಿ ಮುತ್ತು ಪೋಣಿಸುತ್ತಿದ್ದರು. ಪ್ರತಿ ಅಕ್ಷರದ ನಡುವೆ ಬೇಕಾದಷ್ಟೇ ಬಿಡುವು. ಅವರು ಗೆಳೆಯನನ್ನು ಬೀಳ್ಕೊಟ್ಟ ಮೇಲೆ ಕನ್ನಡಕದವನು ಲೈಸೆನ್ಸಿನ ಜೊತೆ ಸಿಕ್ಕ ತನ್ನ ಕರೆಗುರುತನ್ನು ಒತ್ತಿದ.

ಆಚೆಯಿಂದ ಪ್ರಶ್ನೆಗಳ ಸುರಿಮಳೆ. ನೀವೇನಾ ಅಳಿಯಂದಿರು, ಸೆಟ್ಟು ಯಾರದ್ದು, ಆಂಟೆನಾ ಎಲ್ಲಿ ಕಟ್ಟಿದಿರಿ, ಎಷ್ಟು ವಾಟು? ಪ್ರಶ್ನೆಯಾದ ಮೇಲೆ ಶಿಸ್ತಾಗಿ ಸಂಜ್ಞೆ: ಇನ್ನು ನೀವು ಹೇಳಿ. ಐದು ವಾಟು ಎಂದು ತಿಳಿಸಿದಾಗ ಮಾವ, ತಮ್ಮ ಹಡಗಿನಲ್ಲಿ ಸೊಳ್ಳೆಗಳಿಗೂ ಅದಕ್ಕಿಂತ ಹೆಚ್ಚು ಶಕ್ತಿಯಿತ್ತೆಂದು ಅಣಕಿಸಿ, ಆದರೆ ದನಿ ಗಂಟೆ ಹೊಡೆದಂತೆ ಸ್ಪಷ್ಟವಾಗಿದೆಯೆಂದು ಒಪ್ಪಿಕೊಂಡು, ಮತ್ತೆ ಸರದಿಯನ್ನು ಬಿಟ್ಟುಕೊಟ್ಟರು.

ಹೆಂಡತಿ ಕಣ್ಣಲ್ಲೇ ಹೇಳಿದಳು: ಈಗ.

ಅವನು ಒತ್ತಿದ. ಮಾವ, ವರ್ಕ್‌ಶಾಪು ನನಗೆ ಬೇಡ. ಕೊನೆಯ ಅಕ್ಷರ ಮುಗಿಯುತ್ತಲೇ, ಬಿಸಿ ಬಾಣಲೆ ಮುಟ್ಟಿದವನಂತೆ ಕೀಲಿಯಿಂದ ಕೈ ಕಿತ್ತುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡ.

ಆಚೆಯಿಂದ ಉತ್ತರವಿಲ್ಲ.

ಸಿಡಿಲು ಬೀಳಲಿದೆಯೆಂದು ಭುಜ ಕುಗ್ಗಿಸಿ ಕಾದ. ಸಿಡಿಲು ಬೀಳಲಿಲ್ಲ. ಹೆಡ್‌ಫೋನಿನಲ್ಲಿ ಬರೀ ಗಾಳಿಯ ಮರ್ಮರ. ಬ್ಯಾಟರಿಯ ತಂತಿ ಅಲುಗಾಡಿಸಿದ, ನೆಟ್ಟಗಿತ್ತು. ಕೋಪ ಬಂದಿರಬೇಕು. ಕೋಪ ಬಂದರೆ ಗುಡುಗುವವರಲ್ಲವೇ, ಇದು ಅದಕ್ಕಿಂತ ದೊಡ್ಡದಿರಬೇಕು. ಎದೆ ಹಿಡಿದುಕೊಂಡು ಕುಸಿದಿರಬಹುದೇ? ಒಂದು 'ಬೇಡ'ದಿಂದ ಮಾವನನ್ನು ಕೊಂದ ಅಳಿಯನೆಂದು ತನ್ನ ಬಾಳು ಮುಗಿಯುವುದೇ? ಅವನ ಮುಖ ಸುಣ್ಣವಾದದ್ದನ್ನು ಕಂಡು ಹೆಂಡತಿ ಎದ್ದು ತಾಯಿಗೆ ಫೋನು ಮಾಡಿದಳು.

ಅತ್ತೆಯ ದನಿ ಗುಸುಗುಸು ಬಂತು. ಅವರಿಗೇನೂ ಆಗಿಲ್ಲ, ಪೆನ್ಸಿಲು ಹಿಡಿದುಕೊಂಡು ಕೂತಿದ್ದಾರೆ. ಮುಖ ಸುಟ್ಟ ಮೋಟಾರಿನ ಹಾಗೆ ಕೆಂಪಾಗಿದೆ, ತುಟಿ ಅದುರುತ್ತಿದೆ, ಆದರೆ ತಾನು ಏನಾಯಿತೆಂದು ಕೇಳಲು ಹೋದರೆ ಕೈಯೆತ್ತಿ ಸುಮ್ಮನಿರಿಸುತ್ತಾರೆ.

"'ತಡಿ, ಅವರಿನ್ನೂ ಮುಗಿಸಿಲ್ಲ' ಅಂತಾರೆ ಕಣೇ. ಏನು ಮುಗಿಸಿಲ್ಲ? ಯಾರು ಮುಗಿಸಿಲ್ಲ?"

ಹೆಂಡತಿ ಫೋನನ್ನು ಎದೆಗೆ ಒತ್ತಿಕೊಂಡು ಗಂಡನನ್ನು ನೋಡಿದಳು. ನಗು ತಡೆಯಲು ಅವಳು ಪಟ್ಟ ಪಾಡು ಹೇಳತೀರದು.

"ರೀ, ನೀವು ಅವರಿಗೆ ಮಾತು ಬಿಟ್ಟುಕೊಟ್ಟಿಲ್ಲ."

ನಿಜ. ಸಂಜ್ಞೆಯನ್ನು ಒತ್ತಲು ಮರೆತು ಕೈ ಕಿತ್ತುಕೊಂಡಿದ್ದ. ಮಾತು ಇನ್ನೂ ಅವನದೇ ಆಗಿತ್ತು. ಗುಡ್ಡದಾಚೆ ಗುಡುಗಪ್ಪನವರು, ಬಾಯಿಗೆ ಬಂದ ಅಷ್ಟೂ ಗುಡುಗನ್ನು ಹಲ್ಲುಕಚ್ಚಿ ಹಿಡಿದುಕೊಂಡು, ಅಳಿಯನ ಅಪ್ಪಣೆಗಾಗಿ ಕಾಯುತ್ತಿದ್ದರು.

ಅವನು ಗಾಬರಿಯಿಂದ ಕೀಲಿಯತ್ತ ಕೈ ಚಾಚಿದವನು ಅಲ್ಲೇ ನಿಲ್ಲಿಸಿದ. ತನ್ನ ಮಾತಿಗಾಗಿ ಮಾವ ಕಾಯುತ್ತಿದ್ದಾರೆ. ಇಂಥದೊಂದು ಗಳಿಗೆ ಮದುವೆಯಾದಂದಿನಿಂದ ಬಂದಿರಲಿಲ್ಲ. ಬಂದದ್ದನ್ನು ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಒಮ್ಮೆ ಕೆಮ್ಮಿದ. ಆ ಕೆಮ್ಮನ್ನು ರೇಡಿಯೋ ಕಳುಹಿಸಲಿಲ್ಲ.

ಆಮೇಲೆ ತನ್ನ ನಿಧಾನದಲ್ಲೇ ಒತ್ತತೊಡಗಿದ. ನಿಮ್ಮ ಮೇಲಿನ ಗೌರವಕ್ಕೆ ಕೊರತೆಯಿಲ್ಲ, ಎಂದ. ಆದರೆ ಮೋಟಾರು ನನ್ನ ಕೈಗೆ ಒಗ್ಗುವುದಿಲ್ಲ; ನೀವು ಕಟ್ಟಿದ ಹೆಸರನ್ನು ನಾನು ಒಂದೇ ವರ್ಷದಲ್ಲಿ ಸುಟ್ಟು ಬೂದಿ ಮಾಡುತ್ತೇನೆ. ಮೊನ್ನೆ ಒಬ್ಬ ಅಜ್ಜಿ ಹೊಸ ಕನ್ನಡಕ ಹಾಕಿಕೊಂಡು ಅಂಗಡಿಯ ಬಾಗಿಲಿಗೆ ಹೋಗಿ ರಸ್ತೆಯ ಆಚೆಯ ಮರವನ್ನು ನೋಡಿದರು. ಇದಕ್ಕೆ ಎಲೆಗಳು ಬೇರೆ ಬೇರೆಯಾಗಿ ಇವೆಯಲ್ಲ, ನಾನು ಇಷ್ಟು ದಿನ ಹಸಿರು ಮುದ್ದೆ ಎಂದುಕೊಂಡಿದ್ದೆ ಎಂದರು. ಅರ್ಧ ದಿನ ಬಾಗಿಲಲ್ಲೇ ನಿಂತಿದ್ದರು. ಬೇರೆ ಗಿರಾಕಿಗಳು ಅವರನ್ನು ಬಳಸಿಕೊಂಡು ಒಳಗೆ ಬರಬೇಕಾಯಿತು. ನನಗೆ ಆ ಬಾಗಿಲು ಮುಚ್ಚಲು ಆಗುವುದಿಲ್ಲ ಮಾವ.

ನಡುವೆ ಎರಡು ಕಡೆ ಬೆರಳು ತಪ್ಪಿತು. ತಪ್ಪಿನ ಸಂಜ್ಞೆ ಕೊಟ್ಟು ಮತ್ತೆ ಒತ್ತಿದ. ಯಾರೂ ತಿದ್ದಲಿಲ್ಲ, ಯಾರೂ ಮುಂದಿನ ಪದವನ್ನು ಬಾಯಿಗೆ ತುರುಕಲಿಲ್ಲ. ಹೇಳಬೇಕಾದದ್ದೆಲ್ಲ ಮುಗಿದಾಗ ಅವನಿಗೇ ಅಚ್ಚರಿಯಾಯಿತು. ಮಾತು ಮುಗಿಯುವುದೆಂದರೆ ಹೀಗಿರುತ್ತದೆಯೇ ಎಂದು. ಹೆಂಡತಿಯತ್ತ ನೋಡಿದ. ಅವಳಿಗೆ ಮೋರ್ಸ್ ಬಾರದು, ಆದರೂ ತಲೆಯಾಡಿಸಿದಳು. ಒಂದು ಗೆರೆ, ಒಂದು ಚುಕ್ಕೆ, ಒಂದು ಗೆರೆ. ಇನ್ನು ನೀವು ಹೇಳಿ.

ಬಂದ ಉತ್ತರ ಚಿಕ್ಕದಾಗಿತ್ತು. ಪೂರ್ತಿ ಸಿಕ್ಕಿತು, ಎಂದರು ಮಾವ. ಹಿಂದೆಯೇ ಆ ಮುತ್ತಿನಂಥ ಕೈ ಕೇಳಿತು: ಇಷ್ಟು ದಿನ ಯಾಕೆ ಹೇಳಲಿಲ್ಲ? ಆಮೇಲೆ ಕಟ್ಟಳೆಯಂತೆ ಸರದಿಯನ್ನು ಅವನಿಗೆ ಬಿಟ್ಟರು.

ಇದಕ್ಕೆ ಏನೆಂದು ಉತ್ತರಿಸುವುದು? ಪ್ರಾಮಾಣಿಕವಾದ ಉತ್ತರ ಗೌರವಕ್ಕೆ ಭಂಗ. ಗೌರವದ ಉತ್ತರ ಶುದ್ಧ ಸುಳ್ಳು. ಅವನು ತುಂಬ ಹೊತ್ತು ಯೋಚಿಸಿದ. ಮಾವ ತುಂಬ ಹೊತ್ತು ಕಾದರು. ಕೊನೆಗೆ, ಸೆಟ್ಟು ಇರಲಿಲ್ಲ, ಎಂದು ಒತ್ತಿ, ಮುಂದಿನ ಭಾನುವಾರ ಸಿಗುವುದಾಗಿ ಹೇಳಿ ಬೀಳ್ಕೊಂಡ.

ಹೆಡ್‌ಫೋನ್ ತೆಗೆದು ಕೆಳಗಿಡುವ ಮೊದಲೇ ಫೋನು ಹೊಡೆದುಕೊಳ್ಳತೊಡಗಿತು. ಹೆಂಡತಿ ತೆಗೆದು, ಕಿವಿಯಿಂದ ಒಂದು ಮೊಳ ದೂರ ಹಿಡಿದು, ಗಂಡನಿಗೆ ದಾಟಿಸಿದಳು.

"ಅಳಿಯಂದ್ರೇ, ಕೇಳಿ" ಎಂದು ಗುಡುಗಪ್ಪನವರು ಆರಂಭಿಸಿದರು. ಕಟ್ಟಿಟ್ಟ ನೀರು ಕಟ್ಟೆಯೊಡೆದು ಬಂತು. ತಾವು ಮೊದಲಿನಿಂದಲೂ ಇದನ್ನೇ ಯೋಚಿಸುತ್ತಿದ್ದುದಾಗಿಯೂ, ಕೈಹಿಡಿದ ಕಸುಬನ್ನು ಬಿಡುವುದು ಮೂರ್ಖತನವೆಂದು ಮಡದಿಗೆ ಎಷ್ಟೋ ಸಲ ಹೇಳಿರುವುದಾಗಿಯೂ ಸಾರಿದರು. ಯಾವತ್ತು ಹೇಳಿದಿರಿ ಎಂದು ಹಿಂದಿನಿಂದ ಅತ್ತೆ ಕೇಳಿದ್ದು ಫೋನಿನಲ್ಲಿ ಚೆನ್ನಾಗಿಯೇ ಕೇಳಿಸಿತು. ಮಾವನಿಗೆ ಕೇಳಿಸಲಿಲ್ಲ. ವರ್ಕ್‌ಶಾಪು ನೋಡಿಕೊಳ್ಳಲು ತಮ್ಮ ಹಳೆಯ ಮೇಸ್ತ್ರಿಯೇ ಸಾಕು, ಅಳಿಯಂದಿರು ಇನ್ನು ಈ ವಿಷಯದಲ್ಲಿ ತಮ್ಮನ್ನು ಒತ್ತಾಯಿಸಕೂಡದು ಎಂದರು.

"ಅದೂ, ಮಾವ" ಎಂದ ಕನ್ನಡಕದವನು, ಧನ್ಯವಾದ ಹೇಳಲು.

"ಗೊತ್ತು ಬಿಡಿ, ಬೇಜಾರಾಗುತ್ತೆ. ಏನ್ಮಾಡೋದು" ಎಂದು ಮಾವ ಸಮಾಧಾನಪಡಿಸಿ ಫೋನಿಟ್ಟರು.

ಹೆಂಡತಿ ಎರಡೂ ಕೈ ಸೊಂಟದ ಮೇಲಿಟ್ಟು ನಿಂತಿದ್ದಳು. "ಏನಂತೆ ಅಪ್ಪಂದು?"

ಅವನು ಫೋನನ್ನೇ ನೋಡುತ್ತ, ಒಂದೊಂದೇ ಪದವನ್ನು ಹುಡುಕಿ ತೆಗೆದು ಹೇಳಿದ.

"ನಾನೆಷ್ಟೇ ಕೇಳ್ಕೊಂಡ್ರೂ, ಅಂಗಡಿ ಮುಚ್ಚೋಕೆ ಅವರು ಬಿಡಲ್ವಂತೆ."